ಹಿತ್ತಲ ಕೊಳವೂ ಅಹಿಂಸಾಣುವ್ರತವೂ

ಜೀವದಯೆಯ ಮಾತನ್ನು ಆಡುವುದು ಸುಲಭ. ಒಂದು ಜೀವದ ಹೊಣೆಯನ್ನು ಹೊರುವುದು ಕಷ್ಟ. ಈ ಎರಡರ ಅಂತರವನ್ನು ಅರಿಯಬೇಕೆನ್ನುವವರು ಹೊಸದಾಗಿ ಕಟ್ಟಿದ ಹಿತ್ತಲ ಕೊಳವೊಂದರ ದಡದಲ್ಲಿ ನಿಂತು ನೋಡಿದರೆ ಸಾಕು. ನಂದಿಬೆಟ್ಟದ ತಪ್ಪಲಿನಲ್ಲಿ, ಮುದ್ದೇನಹಳ್ಳಿಯ ಆಸುಪಾಸಿನಲ್ಲಿ, ದ್ರಾಕ್ಷಿ ತೋಟಗಳ ನಡುವೆ ಬೆಂಗಳೂರಿನವರ ತೋಟದ ಮನೆಗಳು ಎದ್ದಿವೆ. ಇಂತಹ ಮನೆಗೆ ಕೊಳವೊಂದು ಭೂಷಣವೆಂಬ ಭಾವನೆ ಎಲ್ಲೆಡೆ ಬೇರೂರಿದೆ. ಗಾರೆ ಒಣಗಿದ ವಾರದಲ್ಲೇ ನೀರು ತುಂಬುವುದು, ಗೃಹಪ್ರವೇಶದ ಹಿಂದಿನ ದಿನ ಪ್ಲಾಸ್ಟಿಕ್ ಚೀಲಗಳಲ್ಲಿ ಬಣ್ಣದ ಮೀನುಗಳನ್ನು ತಂದು ಸುರಿಯುವುದು, ತಿಂಗಳೊಳಗೆ ಅವು ಸತ್ತು ತೇಲಿದಾಗ ಮಾಲಿಯಿಂದ ಎತ್ತಿ ಹಾಕಿಸಿ ಮತ್ತೆ ಹೊಸ ಮೀನುಗಳನ್ನು ತರಿಸುವುದು ಒಂದು ರೂಢಿಯೇ ಆಗಿಬಿಡುತ್ತದೆ. ಸೂರ್ಯಾಸ್ತದ ನಂತರ ಊಟ ಮಾಡದ, ಸೊಪ್ಪನ್ನು ಎಲೆಯೆಲೆಯಾಗಿ ಪರೀಕ್ಷಿಸಿ ಹೆಚ್ಚುವ ಮನೆಯಲ್ಲಿಯೇ ಇದು ನಡೆದರೆ ಅದನ್ನು ಯಾವ ಹೆಸರಿನಿಂದ ಕರೆಯಬೇಕು?

ಶಾಸ್ತ್ರದಲ್ಲಿ ಅದಕ್ಕೆ ಹೆಸರುಂಟು. ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಎಣಿಸಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವುಗಳಲ್ಲಿ ಮೊದಲನೆಯದು ಕೊಲ್ಲುವುದಲ್ಲ, ಕಟ್ಟಿಹಾಕುವುದು ಎಂಬುದು ಗಮನಾರ್ಹ. ಹಗ್ಗದಿಂದ ಕಟ್ಟಿದರೆ ಮಾತ್ರ ಬಂಧವೆ? ನಾಲ್ಕು ಗೋಡೆಯ ನೀರಿನಲ್ಲಿ ಕೂಡಿ ಹಾಕಿದರೂ ಬಂಧವೇ. ಮೀನು ಕ್ಷುಲ್ಲಕ ಜೀವವೆಂದು ಭಾವಿಸುವವರು ಆಗಮದ ಜೀವವಿಚಾರವನ್ನು ಒಮ್ಮೆ ತಿರುವಿ ನೋಡಬೇಕು. ಅದು ಜಲಚರ ತಿರ್ಯಂಚ, ಐದು ಇಂದ್ರಿಯಗಳುಳ್ಳ ಜೀವ. ಮಹಾಮತ್ಸ್ಯದ ಕಿವಿಯಲ್ಲಿದ್ದುಕೊಂಡು, ತಾನು ಕೊಲ್ಲದಿದ್ದರೂ ಕೊಲ್ಲುವ ಸಂಕಲ್ಪ ಮಾತ್ರದಿಂದ ನರಕಕ್ಕಿಳಿದ ತಂದುಲಮತ್ಸ್ಯದ ಕಥೆಯನ್ನು ಕೇಳದ ಶ್ರಾವಕರುಂಟೆ? ಅಕ್ಕಿಯ ಕಾಳಿನಷ್ಟು ಮೀನಿಗೂ ಮನಸ್ಸನ್ನು ಒಪ್ಪಿದ ಪರಂಪರೆಯವರು ಗೇಣುದ್ದದ ಮೀನನ್ನು ಹೂಕುಂಡದ ಸಾಲಿನಲ್ಲಿ ಇಡಲಾಗದು.

‘ಮೀನಿಗೆ ನೀರೇ ಮನೆ; ನೀರಿನಿಂದ ನೀರಿಗೆ ತಂದರೆ ತಪ್ಪೇನು?’ ಎಂಬ ಸಮಾಧಾನವೊಂದಿದೆ. ಇದಕ್ಕೆ ಜಲಗಾಲನದ ವಿಧಿಯೇ ಉತ್ತರ. ನೀರನ್ನು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಗಳನ್ನು, ಅಂದರೆ ಜೀವಾಣಿಯನ್ನು, ಯಾವ ಬಾವಿಯಿಂದ ನೀರು ಸೇದಿತ್ತೋ ಅದೇ ಬಾವಿಗೆ ಮರಳಿ ಬಿಡಬೇಕು. ಬೇರೊಂದು ನೀರಿಗೆ ಬಿಟ್ಟರೆ ಅವು ಬದುಕಲಾರವು. ಕಣ್ಣಿಗೆ ಕಾಣದ ಜೀವಕ್ಕೂ ಅದರದೇ ನೀರು ಬೇಕೆಂದು ಹಿರಿಯರು ಅರಿತಿದ್ದರು. ಮೃಗಸೇನನೆಂಬ ಬೆಸ್ತನ ಕಥೆಯೂ ಇದನ್ನೇ ಹೇಳುತ್ತದೆ. ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲೆನೆಂದು ಮುನಿಯ ಬಳಿ ವ್ರತ ಹಿಡಿದ ಆತ, ಗುರುತಿಗೆ ಬಟ್ಟೆಯ ಚೂರನ್ನು ಕಟ್ಟಿ ಆ ಮೀನನ್ನು ಬಿಟ್ಟ. ಅದೇ ಮೀನು ಮತ್ತೆ ಮತ್ತೆ ಬಲೆಗೆ ಬಿದ್ದರೂ ಮತ್ತೆ ಮತ್ತೆ ಬಿಟ್ಟ. ಬಿಟ್ಟದ್ದು ಅದರದೇ ನದಿಗೆ. ದಯೆ ತೋರಿದ ಗುರುತಿಗೆಂದು ಅದನ್ನು ಮನೆಗೆ ಒಯ್ದು ತೊಟ್ಟಿಯಲ್ಲಿಡಲಿಲ್ಲ.

ಹೊಸ ಕೊಳದ ನೀರು ತಿಳಿಯಾಗಿ ಕಂಡರೂ ಮೀನಿಗೆ ಅದು ವಿಷವಾಗಬಲ್ಲುದು ಎಂಬುದನ್ನು ಕೊಳ ಕಟ್ಟಿಸುವವರಲ್ಲಿ ಬಹುಮಂದಿ ಬಲ್ಲವರಲ್ಲ. ಹೊಸ ಸಿಮೆಂಟಿನಿಂದ ಸುಣ್ಣದಂಶ ನೀರಿಗೆ ಇಳಿಯುತ್ತದೆ. ನೀರಿನ ಕ್ಷಾರತೆ ಏರುತ್ತದೆ. ಪಿಎಚ್ ಅಳತೆಯಲ್ಲಿ 6.5ರಿಂದ 8.5ರವರೆಗಿನ ನೀರು ಮೀನಿಗೆ ಹಿತ. ಹೊಸ ಗಾರೆಯ ಕೊಳದಲ್ಲಿ ಅದು 10ನ್ನೂ ದಾಟಬಹುದು. ನಲ್ಲಿಯ ನೀರಾದರೆ ಅದರ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುತ್ತದೆ. ಆಳದ ಕೊಳವೆ ಬಾವಿಯ ನೀರಾದರೆ ಅದರಲ್ಲಿ ಪ್ರಾಣವಾಯು ತೀರ ಕಡಿಮೆ. ಇವೆಲ್ಲಕ್ಕಿಂತ ಗುಪ್ತವಾದ ಅಪಾಯ ಮತ್ತೊಂದಿದೆ. ಮೀನಿನ ಕಿವಿರು ಮತ್ತು ಮಲದಿಂದ ಅಮೋನಿಯಾ ನೀರಿಗೆ ಸೇರುತ್ತಲೇ ಇರುತ್ತದೆ. ಹಳೆಯ ಕೊಳದಲ್ಲಿ ಕಲ್ಲು, ಕೆಸರು, ಗಿಡದ ಬೇರುಗಳಿಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟಾಗಿ, ಆಮೇಲೆ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಹೊಸ ಕೊಳದಲ್ಲಿ ಅವು ನೆಲೆಗೊಳ್ಳಲು 4ರಿಂದ 6 ವಾರ ಬೇಕು. ಚಳಿಯಲ್ಲಿ ಇನ್ನೂ ಹೆಚ್ಚು. ಅಷ್ಟರಲ್ಲಿ ತಂದು ಬಿಟ್ಟ ಮೀನುಗಳು ತಮ್ಮ ಕಶ್ಮಲದಲ್ಲಿಯೇ ಉಸಿರುಗಟ್ಟುತ್ತವೆ. ಕ್ಷಾರತೆ ಹೆಚ್ಚಿದಷ್ಟೂ ಅಮೋನಿಯಾದ ವಿಷವೂ ಹೆಚ್ಚುವುದರಿಂದ ಹೊಸ ಸಿಮೆಂಟಿನ ಕೊಳ ಇಮ್ಮಡಿ ಘಾತುಕ.

ಇಲ್ಲಿ ಕೊಲ್ಲುವ ಉದ್ದೇಶ ಯಾರಿಗೂ ಇರಲಿಲ್ಲವೆಂದು ವಾದಿಸಬಹುದು. ಆದರೆ ಹಿಂಸೆಯ ಮೂಲ ಪ್ರಮಾದದಲ್ಲಿದೆ ಎಂದು ಆಚಾರ್ಯರು ಸಾರಿದ್ದಾರೆ. ತಿಳಿಯಬಹುದಾದುದನ್ನು ತಿಳಿಯದೆ, ಕಾಯಬೇಕಾದಷ್ಟು ಕಾಯದೆ, ಮುಹೂರ್ತದ ಅಂದಕ್ಕಾಗಿ ಮೀನನ್ನು ಸುರಿದವನ ಅಜಾಗರೂಕತೆಗೆ ಪ್ರಮಾದವಲ್ಲದೆ ಬೇರಾವ ಹೆಸರು ಒಪ್ಪೀತು?

ಎರಡನೆಯ ಸಮಾಧಾನ ಅಭಯದಾನದ್ದು. ಅಂಗಡಿಯ ಗಾಜಿನ ಪೆಟ್ಟಿಗೆಯಿಂದ ಬಿಡಿಸಿ ತಂದೆವು, ಇದು ಪುಣ್ಯವಲ್ಲವೇ ಎನ್ನುತ್ತಾರೆ. ಹಣ ಕೊಟ್ಟು ಹತ್ತು ಮೀನುಗಳನ್ನು ಕೊಂಡರೆ ಅಂಗಡಿಯವನು ಇನ್ನಷ್ಟನ್ನು ತರಿಸುತ್ತಾನೆ. ಕೊಳ್ಳುವವನಿದ್ದುದರಿಂದಲೇ ಅವುಗಳನ್ನು ಸಾಕಿ, ಸಾಗಿಸಿ, ಮಾರುತ್ತಾರೆ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳಲ್ಲಿ ಮೊದಲನೆಯದನ್ನು ಮುಚ್ಚಿ ಉಳಿದೆರಡನ್ನು ತೆರೆದಿಟ್ಟಂತೆ ಇದು. ಆ ಮೀನಿಗೆ ಹಾಕುವ ಆಹಾರದ ಪೊಟ್ಟಣವನ್ನು ತಿರುಗಿಸಿ ಓದಿದವರು ಎಷ್ಟು ಮಂದಿ? ಅಂಗಡಿಯಲ್ಲಿ ದೊರೆಯುವ ಗುಳಿಗೆಗಳಲ್ಲಿ ಸಾಮಾನ್ಯವಾಗಿ ಒಣಮೀನಿನ ಪುಡಿ ಬೆರೆತಿರುತ್ತದೆ. ಒಂದು ಮೀನನ್ನು ಉಳಿಸಿದೆನೆಂಬವನು ಅದರ ಹೊಟ್ಟೆಗೆ ಬೇರೆ ಮೀನುಗಳನ್ನು ಹಣಕೊಟ್ಟು ಪುಡಿ ಮಾಡಿಸಿದಂತಾಯಿತು.

ಮೂರನೆಯದು ಸೊಳ್ಳೆಯ ನೆಪ. ಕೊಳದಲ್ಲಿ ಗ್ಯಾಂಬೂಸಿಯಾ ಅಥವಾ ಗಪ್ಪಿ ಮೀನು ಬಿಟ್ಟರೆ ಸೊಳ್ಳೆಯ ಮರಿಗಳನ್ನು ತಿಂದು ಹಾಕುತ್ತದೆ ಎಂಬುದು ನಿಜ. ಮಲೇರಿಯಾ ತಡೆಗೆ ಸರಕಾರವೂ ಈ ಮೀನುಗಳನ್ನು ಬಳಸಿದೆ. ಗ್ಯಾಂಬೂಸಿಯಾ 1928ರಲ್ಲಿ ಇಟಲಿಯಿಂದ ಭಾರತಕ್ಕೆ ಬಂದದ್ದು ಇದೇ ಉದ್ದೇಶಕ್ಕೆ. ಊರಿನ ರೋಗವನ್ನು ತಡೆಯಬೇಕಾದ ಇಲಾಖೆಯ ಹೊಣೆ ಬೇರೆ. ತಾನೇ ಶೋಕಿಗಾಗಿ ನೀರು ನಿಲ್ಲಿಸಿ, ಸೊಳ್ಳೆಗೆ ತಾನೇ ತಾಣ ಮಾಡಿಕೊಟ್ಟು, ಆಮೇಲೆ ಅವನ್ನು ತಿನ್ನಲೆಂದು ಮೀನನ್ನು ನೇಮಿಸುವ ಗೃಹಸ್ಥನ ಹೊಣೆ ಬೇರೆ. ಗ್ಯಾಂಬೂಸಿಯಾ ಸೊಳ್ಳೆಮರಿಗೆ ತೃಪ್ತಿಪಡುವುದೂ ಇಲ್ಲ. ಕಪ್ಪೆಯ ಮರಿಗಳನ್ನೂ ಇತರ ಮೀನುಗಳ ಮೊಟ್ಟೆಗಳನ್ನೂ ಬಿಡದು. ಮಳೆಗಾಲದಲ್ಲಿ ಕೊಳ ತುಂಬಿ ಹರಿದು ಅದು ಕೆರೆಯನ್ನು ಸೇರಿದರೆ ಅಲ್ಲಿನ ನಾಡಮೀನುಗಳಿಗೂ ಕಂಟಕ. ನೀರಿನ ಮೇಲ್ಮೈ ಸದಾ ಕದಲುವಂತೆ ಸಣ್ಣ ಧಾರೆಯೊಂದನ್ನು ಹರಿಸಿದರೆ ಸೊಳ್ಳೆ ಮೊಟ್ಟೆಯಿಡಲು ಹಿಂಜರಿಯುತ್ತದೆ. ಅದೂ ಸಾಧ್ಯವಿಲ್ಲದಿದ್ದರೆ ಕೊಳವೇ ಬೇಡ.

‘ಹಿರಿಯರೂ ಕಲ್ಯಾಣಿಗಳನ್ನು ಕಟ್ಟಿಸಲಿಲ್ಲವೇ? ಅವುಗಳಲ್ಲಿ ಮೀನು ಇರಲಿಲ್ಲವೇ?’ ಎಂಬ ನಾಲ್ಕನೆಯ ಪ್ರಶ್ನೆ ಟ್ರಸ್ಟುಗಳ ಸಭೆಯಲ್ಲಿ ಏಳುವಂತಹುದು. ಕಟ್ಟಿಸಿದರು, ನಿಜ. ಬೆಳ್ಗೊಳಕ್ಕೆ ಹೆಸರು ಬಂದುದೇ ಬಿಳಿಯ ಕೊಳದಿಂದ. ವರಂಗದ ಕೆರೆಬಸದಿಗೆ ಇಂದಿಗೂ ದೋಣಿಯಲ್ಲಿ ಹೋಗಬೇಕು. ನಂದಿಯ ಗೋಪಿನಾಥ ಬೆಟ್ಟದ ಗಂಗರ ಕಾಲದ ಶಾಸನವು ಅಲ್ಲಿದ್ದ ಅರ್ಹಂತರ ಚೈತ್ಯವನ್ನು ಸ್ಮರಿಸುತ್ತದೆ. ಆ ಬೆಟ್ಟಗಳ ಸುತ್ತಲಿನ ಬಯಲು ಕೆರೆಗಳ ನಾಡು. ಆದರೆ ಆ ಜಲಾಶಯಗಳು ಮಳೆಯ ನೀರಿಗಾಗಿ, ಜನಜಾನುವಾರುಗಳಿಗಾಗಿ, ತೀರ್ಥಕ್ಕಾಗಿ ಆದವು. ಕೆರೆಗೆ ಮೀನು ಹಳ್ಳದ ನೀರಿನೊಡನೆ ತಾನಾಗಿ ಬಂದಿತು. ಆ ನೀರು ಅದರದಾಯಿತು. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ನದಿಯ ಮೀನುಗಳನ್ನು ಶಿಶಿಲೇಶ್ವರನ ಹೆಸರಿನಲ್ಲಿ ಜನರು ಕಾಪಾಡಿಕೊಂಡು ಬಂದಿದ್ದಾರೆ. ಅವು ಹರಿಯುವ ನೀರಿನಲ್ಲಿ ಸ್ವತಂತ್ರವಾಗಿವೆ. ಜನರು ಮಾಡಿದುದು ಬಲೆಯನ್ನು ತಡೆದದ್ದು ಮಾತ್ರ. 1996ರಲ್ಲಿ ದುಷ್ಕರ್ಮಿಗಳು ಅಲ್ಲಿ ವಿಷ ಬೆರೆಸಿ ಅಪಾರ ಸಂಖ್ಯೆಯ ಮೀನುಗಳನ್ನು ಕೊಂದಾಗ ಊರು ಮರುಗಿತು. ಸತ್ತ ಮೀನುಗಳಿಗೆ ಸ್ಮಾರಕವೂ ಆಯಿತು. ಶಿಶಿಲದ ವಿಷವನ್ನು ಎಲ್ಲರೂ ಪಾಪವೆಂದರು. ಹಿತ್ತಲ ಕೊಳದ ಅಮೋನಿಯಾವನ್ನು ಪಾಪವೆನ್ನುವವರು ಯಾರು?

ಬಸದಿಯ ಕೊಳಗಳಿಗೆ ಮತ್ತೊಂದು ಅಪಾಯ ಭಕ್ತಿಯ ವೇಷದಲ್ಲಿ ಬರುತ್ತದೆ. ಅಭಿಷೇಕದ ಹಾಲು, ಎಳನೀರು, ಅರಿಸಿನ, ಗಂಧ, ಹೂವುಗಳನ್ನು ಮೋರಿಯ ಮೂಲಕ ಕೊಳಕ್ಕೆ ಹರಿಯಬಿಟ್ಟರೆ ಅವು ಕೊಳೆಯುವಾಗ ನೀರಿನ ಪ್ರಾಣವಾಯುವನ್ನು ಹೀರುತ್ತವೆ. ಈ ವಿಷಯದಲ್ಲಿ ಹಾಲು ಊರಿನ ಕೊಳಚೆ ನೀರಿಗಿಂತ ನೂರಾರು ಪಟ್ಟು ಪ್ರಬಲವಾದುದು. ಬರುವ ಭಕ್ತರೆಲ್ಲರೂ ಎರಚುವ ಕಡಲೆಪುರಿಯ ಗತಿಯೂ ಅದೇ. ಟ್ರಸ್ಟುಗಳು ಅಭಿಷೇಕದ ನೀರನ್ನು ಹೂದೋಟದ ಪಾತಿಗಳಿಗೆ ತಿರುಗಿಸಿದರೆ ಪೂಜೆಗೆ ಲೋಪವಿಲ್ಲ, ಜೀವಕ್ಕೆ ಹಾನಿಯೂ ಇಲ್ಲ.

ಇನ್ನು ಈಗಾಗಲೇ ಮೀನುಗಳನ್ನು ತಂದಿರುವವರ ಮಾತು. ‘ತಪ್ಪಾಯಿತು’ ಎಂದು ಅವನ್ನು ಸಮೀಪದ ಕೆರೆಗೆ ಸುರಿದು ಕೈತೊಳೆದುಕೊಳ್ಳುವುದು ಎರಡನೆಯ ಅಪರಾಧ. ಅನ್ಯದೇಶದ ಮೀನು ಅಲ್ಲಿ ಸಾಯಬಹುದು, ಇಲ್ಲವೇ ಅಲ್ಲಿನ ಜೀವಗಳನ್ನು ಸಾಯಿಸಬಹುದು. ಗೋಲ್ಡ್ ಫಿಷ್ 10 ವರ್ಷಕ್ಕೂ ಮೀರಿ, ಕೊಯ್ 20–30 ವರ್ಷ ಬದುಕಬಲ್ಲವು. ಗೇಣುದ್ದದ ಕೊಯ್ 2 ಅಡಿ ಬೆಳೆಯುತ್ತದೆ. ತಂದವರ ಮೇಲೆ ಅಷ್ಟು ಕಾಲದ ಋಣವಿದೆ.

ಆ ಋಣವನ್ನು ತೀರಿಸುವ ಕ್ರಮ ಗಹನವಲ್ಲ. ಕೊಳ ಇನ್ನೂ ಹೊಸದಾಗಿದ್ದರೆ ಆಹಾರವನ್ನು ತೀರ ಕಡಿಮೆ ಮಾಡಬೇಕು. ದಿನಕ್ಕೋ ಎರಡು ದಿನಕ್ಕೋ ಐದನೆಯ ಒಂದು ಭಾಗದಷ್ಟು ನೀರನ್ನು ಬದಲಿಸಬೇಕು; ಹೊಸ ನೀರನ್ನು ತೆರೆದ ತೊಟ್ಟಿಯಲ್ಲಿ ಎರಡು ದಿನ ಬಿಸಿಲಿಗೆ ಇಟ್ಟಿರಬೇಕು. ಕ್ಲೋರಮೈನ್ ಬೆರೆಸಿದ ನೀರಾದರೆ ಬಿಸಿಲು ಸಾಲದು, ಅದನ್ನು ಕಳೆಯುವ ಔಷಧ ಬೇಕು. ಸಿಮೆಂಟು ಮಾಗಿರದಿದ್ದರೆ ಮೀನುಗಳನ್ನು ಬೇರೆ ತೊಟ್ಟಿಗೆ ಮೆಲ್ಲನೆ ಸಾಗಿಸಿ, ಕೊಳವನ್ನು ವಾರಕ್ಕೊಮ್ಮೆ ತುಂಬಿ ಬರಿದುಮಾಡುತ್ತ, ಪಿಎಚ್ ಇಳಿಯುವ ತನಕ ತೊಳೆಯಬೇಕು. ಹಳೆಯ ಕೊಳದ ಶೋಧಕದ ಕಲ್ಲುಗಳನ್ನು ತಂದಿಟ್ಟರೆ ಉಪಕಾರಿ ಬ್ಯಾಕ್ಟೀರಿಯಾಗಳು ಬೇಗ ನೆಲೆಸುತ್ತವೆ. ಗಾಳಿಯೂಡುವ ಯಂತ್ರ ರಾತ್ರಿಯೂ ನಡೆಯಬೇಕು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಪ್ರಾಣವಾಯುವನ್ನು ಹಿಡಿದರೆ 30 ಡಿಗ್ರಿಯ ನೀರು ಏಳೂವರೆಯನ್ನಷ್ಟೇ ಹಿಡಿಯುತ್ತದೆ. ನಂದಿಯ ತಪ್ಪಲಿನಂತಹ ಎತ್ತರದ ನೆಲದಲ್ಲಿ ಇನ್ನೂ ಕಡಿಮೆ. ಪಾಚಿಯೂ ಇರುಳಿನಲ್ಲಿ ಅದನ್ನೇ ಬಳಸುವುದರಿಂದ ಬೆಳಗಿನ ಜಾವವೇ ಮೀನಿಗೆ ಕಂಟಕಕಾಲ. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಆಟವಲ್ಲ, ಉಸಿರಿಗಾಗಿ ಪರದಾಟ. ಆಹಾರವೂ ಮೀನಿನ ಪುಡಿಯಿಲ್ಲದ ಸಸ್ಯಮೂಲದ್ದಾಗಿರಲಿ, ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಯುವಷ್ಟೇ ಇರಲಿ.

ಮಿಂಚುಳ್ಳಿ, ಕೊಕ್ಕರೆ, ಬೆಕ್ಕುಗಳಿಂದ ರಕ್ಷಣೆಗೆ ಬಲೆ ಹೊದಿಸುವವರು ಆ ಬಲೆಯಲ್ಲಿ ಹಾವು, ಹಕ್ಕಿಗಳು ಸಿಕ್ಕಿ ಸಾಯುವುದನ್ನೂ ಯೋಚಿಸಬೇಕು. ಮೂರು ನಾಲ್ಕು ಅಡಿ ಆಳ, ಅರ್ಧದಷ್ಟು ನೀರನ್ನು ಮುಚ್ಚುವ ತಾವರೆಯೆಲೆ, ತಳದಲ್ಲಿ ಅಡ್ಡ ಮಲಗಿಸಿದ ಮಡಕೆಗಳು ಇದ್ದರೆ ಮೀನು ತಾನೇ ಅಡಗಿಕೊಳ್ಳುತ್ತದೆ. ಬಿದ್ದ ಅಳಿಲು, ಕಪ್ಪೆಗಳು ಹತ್ತಿ ಬರಲು ಇಳಿಜಾರಿನ ಕಲ್ಲೊಂದು ಬೇಕು. ಮಕ್ಕಳಿರುವ ಮನೆಯಲ್ಲಿ ಸುತ್ತ ಬೇಲಿ ಬೇಕೇ ಬೇಕು. ದ್ರಾಕ್ಷಿ, ಹೂವುಗಳ ತೋಟಕ್ಕೆ ಸಿಂಪಡಿಸಿದ ಔಷಧ ಮಳೆಯ ನೀರಿನೊಡನೆ ಒಳಗೆ ಬಾರದಂತೆ ಕಟ್ಟೆಯನ್ನು ಎತ್ತರಿಸಬೇಕು. ಸೊಳ್ಳೆಯ ಹೊಗೆಯಲ್ಲಿ ಬಳಸುವ ಪೈರೆಥ್ರಾಯ್ಡ್ ಔಷಧಗಳು ಮೀನಿಗೆ ಅತಿ ಘೋರ ವಿಷ.

ನೀರು ಹೊರಹೋಗುವ ದಾರಿಯನ್ನು ಮೊದಲೇ ಚಿಂತಿಸುವ ಬುದ್ಧಿಯನ್ನು ಮುದ್ದೇನಹಳ್ಳಿಯಲ್ಲಿ ಹೊಸದಾಗಿ ಹೇಳಬೇಕಾಗಿಲ್ಲ. ಆ ಊರಿನ ಮಗ ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಿದ ಬಾಗಿಲುಗಳು, ನೀರು ಗೊತ್ತಾದ ಮಟ್ಟ ಮೀರಿದಾಗ ತಾವಾಗಿ ತೆರೆದು, ಇಳಿದಾಗ ಮುಚ್ಚಿಕೊಳ್ಳುವಂತಹವು. ಹಿತ್ತಲ ಕೊಳಕ್ಕೂ ಜಾಲರಿ ಹಾಕಿದ ಒಂದು ಕೋಡಿ ಬೇಕು. ಇಲ್ಲದಿದ್ದರೆ ಮೊದಲ ದೊಡ್ಡ ಮಳೆಗೆ ಮೀನುಗಳು ಅಂಗಳದಲ್ಲಿ ಹೊರಳಾಡುತ್ತವೆ. ಬೇಸಗೆಯಲ್ಲಿ ಊರಿಗೆ ಹೋಗುವವರು ಕೊಳವನ್ನು ಒಣಗಲು ಬಿಟ್ಟರೆ, ಶ್ರಾವಕನಿಗೆ ನಿಷಿದ್ಧವೆಂದು ಶ್ವೇತಾಂಬರ ಪರಂಪರೆ ಎಣಿಸಿದ ಹದಿನೈದು ಕರ್ಮಾದಾನಗಳಲ್ಲಿ ಸರಶ್ಶೋಷವೂ ಒಂದೆಂಬುದನ್ನು ನೆನೆಯಬೇಕು.

ಇಷ್ಟೆಲ್ಲ ಹೊಣೆಯನ್ನು ಹೊರಲಾರದವರಿಗೆ ಸರಳವಾದ ದಾರಿಯೊಂದಿದೆ: ಮೀನನ್ನು ತರದಿರುವುದು. ಅಂತರ್ಜಲ ಬತ್ತಿ ಕೊಳವೆ ಬಾವಿಗಳು ಸಾವಿರ ಅಡಿಗೂ ಮೀರಿ ಇಳಿದಿರುವ ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಅಲಂಕಾರದ ಕೊಳಕ್ಕೆ ಸುರಿಯುವ ನೀರೂ ಪರಿಗ್ರಹದ ಲೆಕ್ಕಕ್ಕೆ ಸೇರತಕ್ಕುದು. ಆ ಹಣದಿಂದ ಊರಿನ ಕೆರೆಯ ರಾಜಕಾಲುವೆಯ ಹೂಳು ತೆಗೆಸಿದರೆ ಎಷ್ಟೋ ಮೀನುಗಳು ತಮ್ಮದೇ ನೀರಿನಲ್ಲಿ ಬದುಕುತ್ತವೆ. ಹಿತ್ತಲಲ್ಲಿ ದಿನವೂ ತೊಳೆದು ತುಂಬುವ ಕಲ್ಲಿನ ಬಾನಿಯೊಂದಿದ್ದರೆ ಹಕ್ಕಿ, ಅಳಿಲುಗಳ ಬಾಯಾರಿಕೆ ತೀರುತ್ತದೆ, ಸೊಳ್ಳೆಗೂ ಎಡೆಯಿಲ್ಲ. ಬಸದಿಗಳ ಟ್ರಸ್ಟುಗಳು ಮುಂದಿನ ದಶಲಕ್ಷಣ ಪರ್ವದೊಳಗೆ ಎರಡು ನಿರ್ಣಯಗಳನ್ನು ಕೈಗೊಳ್ಳಲಿ: ಆವರಣದ ಕೊಳಕ್ಕೆ ಮೀನನ್ನು ಕೊಂಡು ತಂದು ಬಿಡುವ ಹರಕೆಯನ್ನು ಸ್ವೀಕರಿಸುವುದಿಲ್ಲ, ಇರುವ ಮೀನುಗಳ ನೀರು, ಗಾಳಿ, ಆಹಾರಗಳ ಹೊಣೆಗೆ ಹೆಸರು ಹಿಡಿದು ಒಬ್ಬರನ್ನು ನೇಮಿಸುತ್ತದೆ.