ಪಹಣಿ ಕೈಗೆ ಬಂತು, ಪ್ರಶ್ನೆ ಕೇಳುವುದು ಯಾವಾಗ?

2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಜನರಿಗೆ ಜಿಲ್ಲಾ ಕೇಂದ್ರವು ಬಳ್ಳಾರಿಯಿಂದ ಹೊಸಪೇಟೆಗೆ ಸರಿದು ಹತ್ತಿರವಾಯಿತು. ಆಡಳಿತವೂ ಹತ್ತಿರವಾಯಿತೇ? 'ಭೂಮಿ' ಯೋಜನೆ ಬಂದ ಮೇಲೆ ಕೈಬರಹದ ಪಹಣಿಗಾಗಿ ಗ್ರಾಮ ಲೆಕ್ಕಿಗರ ಹಿಂದೆ ಅಲೆಯುವುದು ತಪ್ಪಿತು. ಅದೇನು ಸಣ್ಣ ಮಾತಲ್ಲ. ಆದರೆ ಕಾಗದ ಪಡೆದರೆ ಆಡಳಿತದಲ್ಲಿ ಪಾಲ್ಗೊಂಡಂತೆ ಎಂದರೆ ನಾವು ಒಪ್ಪೆವು.

ಕಚೇರಿಯನ್ನು ಪ್ರಶ್ನಿಸುವ ದಾರಿಯೂ ಅಂತರಜಾಲದಲ್ಲಿದೆ. 2012ರಲ್ಲಿ ಜಾರಿಯಾದ 'ಸಕಾಲ'ದಡಿ ಪ್ರತಿ ಅರ್ಜಿಗೂ ಒಂದು ಸಂಖ್ಯೆ ಸಿಗುತ್ತದೆ. ದುಡಿಮೆಗೆಂದು ಆ ಊರುಗಳನ್ನು ಬಿಟ್ಟು ನಮ್ಮ ಕರಾವಳಿಗೆ ಬಂದ ಕೂಲಿಕಾರರೂ ತಮ್ಮ ಅರ್ಜಿ ಎಲ್ಲಿ ನಿಂತಿದೆಯೆಂದು ಮೊಬೈಲಿನಲ್ಲೇ ನೋಡಬಹುದು. ಗಡುವು ಮೀರಿದರೆ ಮೇಲ್ಮನವಿ ಸಲ್ಲಿಸಿ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಹಣ ಅಲ್ಪವೇ ಸರಿ. ಆದರೆ ಅದು ವಸೂಲಾಗುವುದು ತಡಮಾಡಿದ ನೌಕರನ ಸಂಬಳದಿಂದ.