ಸಿಪಾಯಿಯ ಅರ್ಜಿಗೆ ಒಂದು ಉತ್ತರ

ನಗರಗೆರೆಯಂತಹ ಗಡಿಸೀಮೆಯ ಹೋಬಳಿಯಲ್ಲಿ, ಒಂದು ಕಡೆ ಗೌರಿಬಿದನೂರಿನ ಕಚೇರಿಗಳನ್ನೂ ಇನ್ನೊಂದು ಕಡೆ ಹಿಂದೂಪುರದ ಪೇಟೆಯನ್ನೂ ನೆಚ್ಚಿಕೊಂಡು, ಕನ್ನಡ ತೆಲುಗುಗಳೆರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತ ಬೆಳೆದ ರೈತಾಪಿ ಮಕ್ಕಳಲ್ಲಿ ಕೆಲವರು, ಹತ್ತನೆಯ ತರಗತಿ ಮುಗಿಯುತ್ತಲೇ ಸೈನ್ಯದ ಭರ್ತಿಗೆಂದು ಬೆಳಗಿನ ಜಾವದಲ್ಲಿ ಓಟದ ಅಭ್ಯಾಸಕ್ಕೆ ತೊಡಗುವುದುಂಟು. ಅವರಲ್ಲೊಬ್ಬನು ಆಯ್ಕೆಯಾಗಿ, ಸಮವಸ್ತ್ರ ಧರಿಸಿ, ಊರಿನಿಂದ ಹೊರಟ ಬಳಿಕ ಆ ಮನೆಯವರು ವರ್ಷಾನುಗಟ್ಟಲೆ ಕೇಳುವ ಪ್ರಶ್ನೆಗಳು ಎರಡೇ: ರಜೆ ಯಾವಾಗ, ಮುಂದಿನ ಪೋಸ್ಟಿಂಗ್ ಎಲ್ಲಿಗೆ? ಮೊದಲನೆಯದಕ್ಕೆ ಹುಡುಗನು ಹೇಗೋ ಉತ್ತರ ಹೇಳಬಲ್ಲನು. ಕಾಯಂ ಸೈನಿಕನಾದರೆ ವರ್ಷಕ್ಕೆ ಎರಡು ತಿಂಗಳ ವಾರ್ಷಿಕ ರಜೆ, ಒಂದು ತಿಂಗಳ ಸಾಂದರ್ಭಿಕ ರಜೆ ಎಂಬ ಲೆಕ್ಕವಾದರೂ ಆತನ ಕೈಯಲ್ಲಿರುತ್ತದೆ. ಎರಡನೆಯದಕ್ಕೆ ಉತ್ತರ ಕೊಡುವ ಅಧಿಕಾರವು ಆತನಿಗಾಗಲಿ, ಆತನ ಸುಬೇದಾರ್ ಸಾಹೇಬರಿಗಾಗಲಿ ಇಲ್ಲ. ಅದು ಎಲ್ಲೋ ದೂರದ ಒಂದು ರೆಕಾರ್ಡ್ ಆಫೀಸಿನಲ್ಲಿ, ಆತನ ಮುಖವನ್ನೆಂದೂ ಕಾಣದವರ ಮೇಜಿನ ಮೇಲೆ ನಿರ್ಣಯವಾಗತಕ್ಕ ಸಂಗತಿ.

ನಾಗರಿಕ ಜನರಲ್ಲಿ ಅನೇಕರು ಸೈನ್ಯದ ವರ್ಗಾವಣೆಯೆಂದರೆ ಎಲ್ಲರಿಗೂ ಒಂದೇ ಬಗೆಯದೆಂದು ಭಾವಿಸಿರುತ್ತಾರೆ. ವಸ್ತುಸ್ಥಿತಿ ಹಾಗಿಲ್ಲ. ಕಾಲ್ದಳದ ಸಿಪಾಯಿಯು ಸಾಮಾನ್ಯವಾಗಿ ತನ್ನ ಪಲ್ಟನ್ನನ್ನು ಬಿಟ್ಟು ಹೋಗುವುದಿಲ್ಲ. ಪಲ್ಟನ್ನೇ ಕೆಲವು ವರ್ಷ ಗಡಿಯಲ್ಲಿಯೂ, ಅಂದರೆ ಅವರ ಮಾತಿನಲ್ಲಿ ಫೀಲ್ಡಿನಲ್ಲಿಯೂ, ಅನಂತರ ಕೆಲವು ವರ್ಷ ಒಳನಾಡಿನ ಶಾಂತ ನೆಲೆಯಾದ ಪೀಸ್ ಸ್ಟೇಷನ್ನಿನಲ್ಲಿಯೂ ಇದ್ದು, ಮರಳಿ ಗಡಿಯತ್ತ ಹೊರಡುತ್ತದೆ. ಬೆಳಗಾವಿಯ ಮರಾಠಾ ಲೈಟ್ ಇನ್ಫೆಂಟ್ರಿಗೋ ವೆಲಿಂಗ್ಟನ್ನಿನ ಮದರಾಸ್ ರೆಜಿಮೆಂಟಿಗೋ ಸೇರಿದವನ ಭಾಗ್ಯವು ಹೀಗೆ ನೂರಾರು ಜನರ ಭಾಗ್ಯದೊಡನೆ ಹೆಣೆದುಕೊಂಡಿರುವುದರಿಂದ, ಆತನಿಗೆ ಪ್ರತ್ಯೇಕವಾದ ಅರ್ಜಿಯ ಪ್ರಸಂಗವೇ ಅಪೂರ್ವ. ಸರಬರಾಜು, ವೈದ್ಯಕೀಯ, ಸಂಕೇತ, ಯಂತ್ರದುರಸ್ತಿ ಮುಂತಾದ ವಿಭಾಗಗಳವರ ಪಾಡು ಬೇರೆ. ಅವರನ್ನು ಒಬ್ಬೊಬ್ಬರನ್ನಾಗಿಯೇ ಯೂನಿಟ್ಟಿನಿಂದ ಯೂನಿಟ್ಟಿಗೆ ಕಳುಹಿಸುತ್ತಾರೆ. ಯಂತ್ರವಿಭಾಗದವನ ಹಣೆಬರಹವು ಸಿಕಂದರಾಬಾದಿನಲ್ಲಿ, ಸಂಕೇತದಳದವನದು ಜಬಲ್ಪುರದಲ್ಲಿ, ತೋಪುಖಾನೆಯವನದು ನಾಸಿಕದಲ್ಲಿ, ಹಲಸೂರು ಕೆರೆಯ ಬದಿಯಲ್ಲಿ ನೆಲೆಗೊಂಡಿರುವ ಮದರಾಸ್ ಸ್ಯಾಪರ್ಸ್ ದಳದವನದು ನಮ್ಮ ಬೆಂಗಳೂರಿನಲ್ಲಿಯೇ ಬರೆಯಲ್ಪಡುತ್ತದೆ. 1780ರಿಂದ ತನ್ನ ವಂಶಾವಳಿಯನ್ನು ಎಣಿಸಿಕೊಳ್ಳುವ ಈ ದಳಕ್ಕೆ ಸೇರಿದ ಗೌರಿಬಿದನೂರು ತಾಲ್ಲೂಕಿನ ಹುಡುಗನೊಬ್ಬನು, ತನ್ನ ಊರಿನಿಂದ ದೊಡ್ಡಬಳ್ಳಾಪುರ ಯಲಹಂಕಗಳ ಮೂಲಕ ಒಂದೇ ರೈಲಿನಲ್ಲಿ ತಲುಪಬಹುದಾದ ನಗರದಲ್ಲಿ ತನ್ನ ಕಾಗದಪತ್ರಗಳಿದ್ದರೂ, ತಾನು ಮಾತ್ರ ಲಡಾಖಿನಲ್ಲಿರುವುದು ವಿಧಿಯ ಚೋದ್ಯವೇ ಸರಿ.

ಇನ್ನು ವರ್ಗಾವಣೆ ಬೇಡುವ ಅರ್ಜಿಯ ಕ್ರಮ. ಮನೆಯಲ್ಲಿ ತಾಯಿಗೆ ಅಸಾಧ್ಯವಾದ ರೋಗ, ಮಗುವಿಗೆ ಅಂಗವೈಕಲ್ಯ, ಜಮೀನಿನ ವ್ಯಾಜ್ಯ, ಹೆಂಡತಿಯೊಬ್ಬಳೇ ಇರಬೇಕಾದ ಅವಸ್ಥೆ ಇತ್ಯಾದಿ ಕಾರಣಗಳು ಒದಗಿದಾಗ ಸಿಪಾಯಿಯು ತನ್ನ ಜೆ.ಸಿ.ಓ., ಅಂದರೆ ಸುಬೇದಾರ್ ಮಟ್ಟದ ಕಿರಿಯ ಅಧಿಕಾರಿಯ, ಮುಖಾಂತರ ಕಂಪನಿ ಕಮಾಂಡರರ ಮುಂದೆ ಹೋಗಿ ನಿಲ್ಲತಕ್ಕದ್ದು. ಹೀಗೆ ನಿಲ್ಲುವುದಕ್ಕೆ ಪಲ್ಟನ್ನುಗಳಲ್ಲಿ ‘ಅರ್ಜಿ ರಿಪೋರ್ಟ್’ ಎಂದು ಹೆಸರು. ಅಲ್ಲಿಂದ ಮೇಲೆ ಸಿ.ಓ. ಸಾಹೇಬರ, ಅಂದರೆ ಯೂನಿಟ್ಟಿನ ಕಮಾಂಡಿಂಗ್ ಅಧಿಕಾರಿಗಳ, ಶಿಫಾರಸು, ಆಸ್ಪತ್ರೆಯ ಪ್ರಮಾಣಪತ್ರ, ಹೇಳಿದ ಕಾರಣವು ನಿಜವೇ ಎಂಬುದಕ್ಕೆ ಊರ ಕಡೆಯ ಅಧಿಕಾರಿಗಳ ದೃಢೀಕರಣ, ಇಷ್ಟೆಲ್ಲವನ್ನೂ ಹೊತ್ತು ಕಾಗದವು ರೆಕಾರ್ಡ್ ಆಫೀಸಿಗೆ ಪಯಣ ಬೆಳೆಸುತ್ತದೆ. ಇದಲ್ಲದೆ ನಿವೃತ್ತಿಗೆ ಮುನ್ನಿನ ಕೊನೆಯ ಅವಧಿಯಲ್ಲಿ ಮನೆಗೆ ಹತ್ತಿರದ ಠಾಣೆಯನ್ನು ಬೇಡುವ ರೂಢಿಯೂ, ಎನ್.ಸಿ.ಸಿ. ದಳಕ್ಕೋ ಭರ್ತಿ ಕಚೇರಿಗೋ ಕೆಲವು ವರ್ಷ ಎರವಲು ಹೋಗುವ ಅವಕಾಶವೂ ಉಂಟು. ಬೆಂಗಳೂರು ಕೋಲಾರಗಳ ಸುತ್ತಣ ಎನ್.ಸಿ.ಸಿ. ಹುದ್ದೆಯೊಂದು ತೆರವಾಯಿತೆಂದರೆ ಅದರ ಸುದ್ದಿಯು ಸರಕಾರಿ ಸುತ್ತೋಲೆಗಿಂತ ಮೊದಲೇ ಸಿಪಾಯಿಗಳು ಉಣ್ಣುವ ಲಂಗರಖಾನೆಯಲ್ಲಿ ಹರಡಿರುತ್ತದೆ. ಪರಿಚಯವಿದ್ದವನು ಮೊದಲು ತಿಳಿಯುತ್ತಾನೆ, ಪರಿಚಯವಿಲ್ಲದವನು ಅದು ಭರ್ತಿಯಾದ ಮೇಲೆ ತಿಳಿಯುತ್ತಾನೆ.

ಓದುಬರಹ ಬಲ್ಲವನೆಂಬ ಕಾರಣಕ್ಕೆ ಇಂತಹ ಮನೆಗಳವರ ಕಾಗದಗಳನ್ನು ಓದಿ ಹೇಳುವ ಕೆಲಸ ಆಗಾಗ ನನ್ನ ಪಾಲಿಗೆ ಬಂದಿದೆ. ಅರ್ಜಿ ತಿರಸ್ಕೃತವಾಯಿತೆಂದು ಅತ್ತವರು ಅಷ್ಟಿಲ್ಲ. ಅರ್ಜಿ ಏನಾಯಿತೆಂಬುದೇ ತಿಳಿಯದೆ, ಬರುವ ಯುಗಾದಿಗೆ ಗೊತ್ತಾಗಬಹುದು, ದಸರೆಗೆ ಗೊತ್ತಾಗಬಹುದು ಎಂದು ಮನೆಯ ಎಲ್ಲ ತೀರ್ಮಾನಗಳನ್ನೂ, ಮಗುವನ್ನು ಯಾವ ಶಾಲೆಗೆ ಸೇರಿಸುವುದು, ಕೊಳವೆಬಾವಿ ತೋಡಿಸುವುದೋ ಬೇಡವೋ, ಅತ್ತೆಯನ್ನು ಬೆಂಗಳೂರಿಗೆ ಕರೆದೊಯ್ಯುವವರಾರು ಎಂಬುದನ್ನೆಲ್ಲ, ಅಮಾನತಿನಲ್ಲಿಟ್ಟು ಕಾದವರೇ ಹೆಚ್ಚು. ಈ ಲೇಖನದ ವಾದವು ಅಷ್ಟಕ್ಕೇ ಸೀಮಿತವಾದುದು: ಸಿಪಾಯಿಯು ಕೇಳಿದ ಊರನ್ನು ಸೈನ್ಯವು ಕೊಡಲೇಬೇಕೆಂದು ನಾನು ಹೇಳಲಾರೆ, ಆದರೆ ಆತನ ಅರ್ಜಿಗೆ ಗೊತ್ತಾದ ಅವಧಿಯೊಳಗೆ, ಕಾರಣಸಹಿತವಾದ ಲಿಖಿತ ಉತ್ತರವನ್ನು ಕೊಡುವುದು ಸೈನ್ಯದ ಬಾಧ್ಯತೆಯಾಗಬೇಕು.

ಇಂತಹ ಅಲ್ಪಬೇಡಿಕೆಗೆ ಇಷ್ಟು ಮಹತ್ತ್ವವೇಕೆಂದು ಕೇಳುವವರು ಕಾನೂನಿನ ಕಡೆಗೊಮ್ಮೆ ನೋಡಬೇಕು. ಸಂವಿಧಾನದ 33ನೆಯ ಅನುಚ್ಛೇದವು ಸೈನಿಕರ ಮೂಲಭೂತ ಹಕ್ಕುಗಳನ್ನು ಶಿಸ್ತಿನ ಸಲುವಾಗಿ ಮಿತಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. 1950ರ ಸೇನಾ ಅಧಿನಿಯಮದ 26ನೆಯ ಪ್ರಕರಣವು ಅಧಿಕಾರಿಯಲ್ಲದ ಸೈನಿಕನಿಗೆ, ಮೇಲಿನವರಿಂದ ಅನ್ಯಾಯವಾಯಿತೆಂದು ಅನ್ನಿಸಿದಲ್ಲಿ, ತನ್ನ ಮೇಲಧಿಕಾರಿಗಳಲ್ಲಿಯೇ ದೂರು ಸಲ್ಲಿಸುವ ಮಾರ್ಗವನ್ನು ತೋರಿಸಿದೆ. ಸೈನಿಕರ ಸೇವಾವ್ಯಾಜ್ಯಗಳಿಗೆಂದೇ 2007ರ ಅಧಿನಿಯಮದಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಲಿಯು ಸ್ಥಾಪಿತವಾದಾಗ, ನಿವೃತ್ತಿವೇತನ, ಬಡ್ತಿ, ಜ್ಯೇಷ್ಠತೆ ಮುಂತಾದುವೆಲ್ಲ ಅದರ ವ್ಯಾಪ್ತಿಗೆ ಬಂದುವು. ವರ್ಗಾವಣೆ ಮತ್ತು ಪೋಸ್ಟಿಂಗಿನ ವಿಷಯವನ್ನು ಮಾತ್ರ ಆ ಅಧಿನಿಯಮವು ತನ್ನ ವ್ಯಾಖ್ಯೆಯಲ್ಲಿಯೇ ಸ್ಪಷ್ಟವಾಗಿ ಹೊರಗಿಟ್ಟಿತು. ಸರ್ವೋಚ್ಚ ನ್ಯಾಯಾಲಯವೂ 2005ರಲ್ಲಿ ಮೇಜರ್ ಜನರಲ್ ಜೆ.ಕೆ. ಬನ್ಸಾಲರ ಮೊಕದ್ದಮೆಯಲ್ಲಿ, ಸೈನಿಕರ ವರ್ಗಾವಣೆಯಲ್ಲಿ ನ್ಯಾಯಾಲಯಗಳು ಕೈಹಾಕುವ ಅವಕಾಶವು ನಾಗರಿಕ ನೌಕರರ ವಿಷಯಕ್ಕಿಂತಲೂ ಬಹಳ ಕಡಿಮೆಯೆಂದು ಹೇಳಿತು. ಒಬ್ಬ ಮೇಜರ್ ಜನರಲರ ಗತಿಯೇ ಹೀಗಾದ ಮೇಲೆ ಹವಾಲ್ದಾರನ ಮಾತೇನು! ಹೊರಗಿನ ಬಾಗಿಲುಗಳು ಹೀಗೆ ಸಕಾರಣವಾಗಿಯೇ ಮುಚ್ಚಿರುವಾಗ, ಒಳಗಣ ಬಾಗಿಲೊಂದನ್ನಾದರೂ ಚೆನ್ನಾಗಿ ತೆರೆದಿಡತಕ್ಕದ್ದು ನ್ಯಾಯ.

ಸಕಾರಣವಾಗಿಯೇ ಎಂದೆನಷ್ಟೆ, ಆ ಮಾತನ್ನು ಹಿಂತೆಗೆದುಕೊಳ್ಳುವ ಉದ್ದೇಶ ನನಗಿಲ್ಲ. ಸಿಯಾಚಿನ್ನಿಗೆ ಹೋಗಲು ಇಚ್ಛೆಯುಳ್ಳವರು ಅರ್ಜಿ ಹಾಕಿರೆಂದು ಪ್ರಕಟಣೆ ಹೊರಡಿಸಿ ಕುಳಿತರೆ ದೇಶದ ಗಡಿ ಉಳಿಯದು. ಕರುಣೆಯ ಮೇಲೆ ಒಬ್ಬನನ್ನು ಬೆಂಗಳೂರಿಗೆ ಕಳುಹಿಸಿದಾಗ ಆತನ ಬದಲಿಗೆ ಮತ್ತೊಬ್ಬನು ಹಿಮದಲ್ಲಿ ನಿಲ್ಲಬೇಕಾಗುತ್ತದೆ. ಆ ಮತ್ತೊಬ್ಬನಿಗೂ ತಾಯಿಯಿರುತ್ತಾಳೆ. ಆದುದರಿಂದಲೇ ‘ಇಲ್ಲ’ ಎನ್ನುವ ಹಕ್ಕು ಸೈನ್ಯಕ್ಕೆ ನಿರ್ಬಾಧವಾಗಿರಲಿ. ಏಕೆ ಇಲ್ಲವೆಂದು ಹೇಳುವುದರಿಂದ ಆ ಹಕ್ಕಿಗೆ ಯಾವ ಊನವೂ ಬಾರದು.

ನಮ್ಮ ರಾಜ್ಯದಲ್ಲಿಯೇ ಇರುವ ಇನ್ನೊಂದು ವ್ಯವಸ್ಥೆಯನ್ನು ಇದರ ಬದಿಗಿಟ್ಟು ನೋಡಬಹುದು. ಒಂದೇ ಮನೆಯಲ್ಲಿ ಅಣ್ಣನು ಸರಕಾರಿ ಶಾಲೆಯ ಶಿಕ್ಷಕನೂ ತಮ್ಮನು ಸಿಪಾಯಿಯೂ ಆಗಿದ್ದಾನೆಂದು ಭಾವಿಸೋಣ. ಅಣ್ಣನ ವರ್ಗಾವಣೆಗೆ ಶಾಸನವೇ ಉಂಟು. 2007ರಲ್ಲಿ ಒಂದು, ಅದರ ಸ್ಥಾನದಲ್ಲಿ 2020ರಲ್ಲಿ ಇನ್ನೊಂದು. ಊರುಗಳನ್ನು ಎ, ಬಿ, ಸಿ ಎಂದು ವಲಯಗಳಾಗಿ ವಿಂಗಡಿಸಿ, ಖಾಲಿ ಹುದ್ದೆಗಳನ್ನೂ ಜ್ಯೇಷ್ಠತಾಪಟ್ಟಿಯನ್ನೂ ಮುಂಚಿತವಾಗಿ ಪ್ರಕಟಿಸಿ, ತೀವ್ರ ರೋಗಪೀಡಿತರಿಗೂ ಅಂಗವಿಕಲರಿಗೂ ವಿಧವೆಯರಿಗೂ ಪ್ರಾಶಸ್ತ್ಯವಿತ್ತು, ಕೌನ್ಸೆಲಿಂಗಿನ ದಿನ ಪರದೆಯ ಮೇಲೆ ಕಾಣುವ ಶಾಲೆಗಳಲ್ಲಿ ಒಂದನ್ನು ಆರಿಸಿಕೊಳ್ಳೆಂದು ಆತನನ್ನು ಕರೆಯುತ್ತಾರೆ. ಆ ಕೌನ್ಸೆಲಿಂಗಿನ ಗೊಂದಲಗಳನ್ನೂ, ಮುಂದೂಡಿಕೆಗಳನ್ನೂ, ಶಿಕ್ಷಕಮಿತ್ರರ ಗೊಣಗಾಟವನ್ನೂ ನಾನು ಬಲ್ಲೆ. ಆದರೂ ತನಗೆ ಬೇಕಾದ ಶಾಲೆ ಸಿಕ್ಕದ ಶಿಕ್ಷಕನು, ತನಗಿಂತ ಹಿರಿಯನೊಬ್ಬನು ಅದನ್ನು ಆರಿಸಿಕೊಂಡದ್ದನ್ನು ಕಣ್ಣಾರೆ ಕಂಡು ಮನೆಗೆ ಮರಳುತ್ತಾನೆ. ತಮ್ಮನಿಗೆ ಕಾಣುವುದು ಮೂವ್‌ಮೆಂಟ್ ಆರ್ಡರ್ ಮಾತ್ರ. ಅಣ್ಣನು ಬಾಗೇಪಲ್ಲಿಯಿಂದ ಗೌರಿಬಿದನೂರಿಗೆ ಬರಲು ಇಷ್ಟು ವಿಧಿವಿಧಾನಗಳಿರುವ ರಾಜ್ಯದಲ್ಲಿ, ತಮ್ಮನನ್ನು ಅಸ್ಸಾಮಿನಿಂದ ರಾಜಸ್ಥಾನಕ್ಕೆ ಕಳುಹಿಸುವಾಗ ಒಂದು ಸಾಲಿನ ವಿವರಣೆಯನ್ನಾದರೂ ಕೊಡಬಾರದೆ?

ಅನ್ಯದೇಶದ ಉದಾಹರಣೆಯನ್ನು ತರುವಾಗ ನಮ್ಮವರು ಒಮ್ಮೆ ಅತಿಯಾಗಿ ಮೆಚ್ಚುತ್ತಾರೆ, ಒಮ್ಮೆ ಅತಿಯಾಗಿ ಹಳಿಯುತ್ತಾರೆ. ಅಮೆರಿಕದ ನೌಕಾದಳದಲ್ಲಿ ಸಾಮಾನ್ಯ ನಾವಿಕನು ತನ್ನ ಈಗಿನ ಅವಧಿ ಮುಗಿಯಲು ಸುಮಾರು ಒಂದು ವರ್ಷವಿರುವಾಗಲೇ, ತನ್ನ ದರ್ಜೆಗೂ ಕೆಲಸಕ್ಕೂ ಒಪ್ಪುವ ಖಾಲಿ ಸ್ಥಾನಗಳನ್ನು ಗಣಕಯಂತ್ರದಲ್ಲಿ ನೋಡಿ, ಕೆಲವಕ್ಕೆ ಅರ್ಜಿ ಹಾಕಿ, ‘ಡೀಟೇಲರ್’ ಎಂದು ಕರೆಯಲ್ಪಡುವವರೊಡನೆ ಮಾತನಾಡಿ ಚೌಕಾಸಿ ಮಾಡಬಲ್ಲನು. ಭೂಸೇನೆಯ ಸೈನಿಕನಿಗೂ ಪ್ರಾಶಸ್ತ್ಯಗಳನ್ನು ಕ್ರಮವಾಗಿ ನಮೂದಿಸುವ ಸೌಕರ್ಯವುಂಟು. ಕೊನೆಯ ಮಾತು ಅಲ್ಲಿಯೂ ಸೇನೆಯದೇ. ಯಾರೂ ಬಯಸದ ಸ್ಥಾನಕ್ಕೂ ಯಾರನ್ನಾದರೂ ಕಳುಹಿಸಿಯೇ ತೀರುತ್ತಾರೆ. ಈ ಸೌಜನ್ಯವು ಉದಾರಬುದ್ಧಿಯಿಂದ ಹುಟ್ಟಿದುದೆಂದು ಯಾರೂ ಭ್ರಮಿಸಬೇಕಾಗಿಲ್ಲ. ಆ ದೇಶವು 1973ರಲ್ಲಿ ಕಡ್ಡಾಯ ಸೈನ್ಯಭರ್ತಿಯನ್ನು ಕೈಬಿಟ್ಟಿತು. ಅಂದಿನಿಂದ ಕೆಲವೇ ವರ್ಷಗಳ ಕರಾರಿನ ಮೇಲೆ ಬಂದವನನ್ನು ಮತ್ತೊಂದು ಕರಾರಿಗೆ ಒಲಿಸಿಕೊಳ್ಳುವ ಹೊಣೆಯು ಸೇನೆಯ ಮೇಲೆ ಬಿದ್ದಿತು. ನಮ್ಮಲ್ಲಿ ಭರ್ತಿಯ ಮೈದಾನಕ್ಕೆ ಬೇಕಾದುದಕ್ಕಿಂತ ಹಲವು ಪಟ್ಟು ಹುಡುಗರು ಬಂದು ನಿಲ್ಲುವುದರಿಂದ ಯಾರನ್ನೂ ಒಲಿಸಿಕೊಳ್ಳುವ ಅಗತ್ಯ ಬಿದ್ದಿಲ್ಲ. ನಮ್ಮ ಮೌನದ ಮೂಲವು ಶಿಸ್ತಿಗಿಂತ ಹೆಚ್ಚಾಗಿ ಈ ನೂಕುನುಗ್ಗಲಿನಲ್ಲಿದೆಯೆಂಬುದು ನನ್ನ ಗುಮಾನಿ.

ಸೈನ್ಯವು ಏನೂ ಮಾಡಿಲ್ಲವೆಂದರೆ ಸುಳ್ಳಾದೀತು. 2017ರಲ್ಲಿ ‘ಹಮ್‌ರಾಜ್’ ಎಂಬ ಮೊಬೈಲ್ ಆ್ಯಪನ್ನು ಹೊರತಂದು, ಸಿಪಾಯಿಯು ತನ್ನ ಪೋಸ್ಟಿಂಗ್ ಮತ್ತು ಬಡ್ತಿಯ ವಿವರಗಳನ್ನು ಗುಮಾಸ್ತನ ಮುಂದೆ ನಿಲ್ಲದೆ ನೋಡುವಂತೆ ಮಾಡಿದುದು ಸಣ್ಣ ಸುಧಾರಣೆಯೇನಲ್ಲ. ಆ ಪರದೆಯ ಮೇಲೆಯೇ ಅರ್ಜಿಯು ಎಲ್ಲಿದೆ, ಯಾರು ಶಿಫಾರಸು ಮಾಡಿದರು, ಯಾವ ಕಾರಣದಿಂದ ನಿಂತಿತು ಅಥವಾ ತಿರಸ್ಕೃತವಾಯಿತು, ಮುಂದೆ ಎಂದು ಪರಿಶೀಲನೆಗೆ ಬರುವುದು ಎಂಬುದನ್ನು ಬರೆಯಲು ದೊಡ್ಡ ಬೊಕ್ಕಸವೇನೂ ಬೇಡ. ಎನ್.ಸಿ.ಸಿ. ಮತ್ತು ತರಬೇತಿ ಕೇಂದ್ರಗಳಂತಹ, ಶತ್ರುವಿಗೆ ತಿಳಿದರೂ ಯಾವ ಅಪಾಯವೂ ಇಲ್ಲದ ಹುದ್ದೆಗಳ ತೆರವನ್ನು ಪ್ರತಿ ಯೂನಿಟ್ಟಿನ ಸೈನಿಕ ಸಮ್ಮೇಳನದಲ್ಲಿ ಓದಿ ಹೇಳುವುದಕ್ಕಂತೂ ಖರ್ಚೇ ಇಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯ ತಪ್ಪನ್ನು ಮುಚ್ಚಿಟ್ಟರೆ ಪಕ್ಷಪಾತವಾದೀತು. ಸಿಪಾಯಿಯ ಅರ್ಜಿಯು ಗಡಿಯಲ್ಲಿ ಬರೆಯಲ್ಪಟ್ಟರೂ ಅದರ ಬೀಜವು ಊರಿನಲ್ಲಿ ಬಿದ್ದಿರುತ್ತದೆ. ಬದುವಿನ ಕಲ್ಲನ್ನು ದಾಯಾದಿಯು ಸರಿಸಿದನು, ಪೋಡಿಗೆ ಕೊಟ್ಟ ಅರ್ಜಿಗೆ ಭೂಮಾಪಕನು ಬರಲಿಲ್ಲ, ಕೊಳವೆಬಾವಿಯ ನೀರಿನ ಪಾಲಿಗಾಗಿ ಮುದುಕನಾದ ತಂದೆಯ ಮೇಲೆ ಕೈಯೆತ್ತಿದರು, ಠಾಣೆಯಲ್ಲಿ ದೂರು ಬರೆದುಕೊಳ್ಳಲಿಲ್ಲ: ದೂರವಾಣಿಯಲ್ಲಿ ಇಂತಹ ಸುದ್ದಿಗಳನ್ನು ಕೇಳಿದ ಹುಡುಗನು ಮರುದಿನ ಅರ್ಜಿ ರಿಪೋರ್ಟಿಗೆ ನಿಲ್ಲದೆ ಇನ್ನೇನು ಮಾಡಿಯಾನು? ಇಂತಹ ಸಂದರ್ಭದಲ್ಲಿ ಯೂನಿಟ್ಟಿನ ಸಿ.ಓ. ಸಾಹೇಬರು ಆತನ ಜಿಲ್ಲೆಯ ಜಿಲ್ಲಾಧಿಕಾರಿಗಳಿಗೋ ಪೊಲೀಸ್ ಸೂಪರಿಂಟೆಂಡೆಂಟರಿಗೋ ಪತ್ರ ಬರೆಯುವ ಪದ್ಧತಿಯು ಹಳೆಯದು. ದೂರದಲ್ಲಿ ಕರ್ತವ್ಯದ ಮೇಲಿರುವ ಸೈನಿಕನ ವಿರುದ್ಧ ಸಿವಿಲ್ ದಾವೆಯು ಆತನ ಬೆನ್ನ ಹಿಂದೆ ನಡೆದುಹೋಗದಂತೆ ರಕ್ಷಿಸಲು 1925ರಷ್ಟು ಹಿಂದೆಯೇ, ಪರಕೀಯರ ಆಳ್ವಿಕೆಯಲ್ಲಿ, ಭಾರತೀಯ ಸೈನಿಕರ ದಾವೆ ಅಧಿನಿಯಮವೊಂದು ಹುಟ್ಟಿತು. ಬ್ರಿಟಿಷರಿಗೆ ಹೊಳೆದ ಆ ವಿಚಾರವು ನಮ್ಮ ನಾಡಕಚೇರಿಗೆ ಇನ್ನೂ ಪೂರ್ತಿಯಾಗಿ ತಲುಪಿದಂತೆ ತೋರದು. ಸಿ.ಓ. ಸಾಹೇಬರ ಪತ್ರವು ಚಿಕ್ಕಬಳ್ಳಾಪುರಕ್ಕೆ ಬಂದು, ಗೌರಿಬಿದನೂರಿಗೆ ಇಳಿದು, ಹೋಬಳಿಯ ಕಂದಾಯ ನಿರೀಕ್ಷಕರ ಕಡತದಲ್ಲಿ ನಿದ್ರೆಹೋದರೆ, ಆ ನಿದ್ರೆಯ ಫಲವಾಗಿ ಗಡಿಯಲ್ಲೊಬ್ಬನು ತನ್ನ ಕಾವಲನ್ನು ಬಿಟ್ಟು ಬರಲು ಅರ್ಜಿ ಬರೆಯುತ್ತಾನೆ. ಸರ್ವೆಯವರು ಒಂದು ಮಧ್ಯಾಹ್ನ ಬಂದು ಕಲ್ಲು ನೆಟ್ಟುಹೋಗಿದ್ದರೆ ಆತನಿಗೆ ಪೋಸ್ಟಿಂಗಿನ ಗೊಡವೆಯೇ ಬೇಕಾಗುತ್ತಿರಲಿಲ್ಲ.

ಅಗ್ನಿವೀರರ ವಿಷಯವು ಇನ್ನೂ ಸೂಕ್ಷ್ಮವಾದುದು. 2022ರ ಜೂನಿನಲ್ಲಿ ಘೋಷಿತವಾದ ಅಲ್ಪಾವಧಿ ಸೈನ್ಯಭರ್ತಿಯ ಯೋಜನೆಯಲ್ಲಿ ಅಗ್ನಿವೀರನಾಗಿ ಸೇರುವವನ ಸೇವೆ ನಾಲ್ಕು ವರ್ಷ. ರಜೆ ವರ್ಷಕ್ಕೆ ಮೂವತ್ತು ದಿನ. ಎಲ್ಲಿಗೆ ಬೇಕಾದರೂ ಕಳುಹಿಸಬಹುದೆಂಬ ಷರತ್ತಿಗೆ ಆತನು ಮೊದಲೇ ಸಹಿ ಹಾಕಿರುತ್ತಾನೆ. ಅವಧಿಯ ಕೊನೆಗೆ ಹೆಚ್ಚೆಂದರೆ ನೂರರಲ್ಲಿ ಇಪ್ಪತ್ತೈದು ಮಂದಿಯನ್ನು ಕಾಯಂ ಸೇವೆಗೆ ತೆಗೆದುಕೊಳ್ಳುವುದೆಂದು ನಿಯಮ. ಅಮೆರಿಕದಲ್ಲಿ ಕರಾರಿನ ಅವಧಿ ಮುಗಿದಾಗ ಸೇನೆಯು ಸೈನಿಕನನ್ನು ಒಲಿಸಬೇಕಾದರೆ, ಇಲ್ಲಿ ಸೈನಿಕನೇ ಸೇನೆಯನ್ನು ಒಲಿಸಬೇಕು. ಹೀಗಿರುವಾಗ ತಾಯಿಗೆ ಕಾಯಿಲೆಯೆಂದು ಅರ್ಜಿ ಹಾಕಿದರೆ ತನ್ನ ಹೆಸರು ಆ ಇಪ್ಪತ್ತೈದರಿಂದ ಜಾರಿಹೋಗುವುದೇನೋ ಎಂಬ ಶಂಕೆ ಹದಿನೆಂಟು ಇಪ್ಪತ್ತರ ಹುಡುಗನಿಗೆ ಹುಟ್ಟುವುದು ಸಹಜ. ಕರುಣೆಯ ಅರ್ಜಿಯು ಕಾಯಂ ಆಯ್ಕೆಯ ಗುಣಾಂಕಕ್ಕೆ ಯಾವ ರೀತಿಯಲ್ಲಿಯೂ ಬಾಧಕವಲ್ಲವೆಂಬ ಮಾತನ್ನು, ಆ ಹುಡುಗರು ಓದಬಲ್ಲ ಭಾಷೆಗಳಲ್ಲಿ, ತರಬೇತಿ ಕೇಂದ್ರದ ಗೋಡೆಯ ಮೇಲೆಯೇ ಬರೆದು ಹಾಕಬೇಕು. 2023ರ ಆರಂಭದಲ್ಲಿ ತರಬೇತಿಗೆ ಸೇರಿದ ಭೂಸೇನೆಯ ಮೊದಲ ತಂಡದ ನಾಲ್ಕು ವರ್ಷಗಳು 2026ರ ಕೊನೆಯ ವೇಳೆಗೆ ತುಂಬುತ್ತವೆ.

ಊರಿನ ಕಡೆಯ ತಪ್ಪಿಗೆ ಮರಳುವುದಾದರೆ, ಜಿಲ್ಲಾಡಳಿತವು ತನ್ನ ಪಾಲಿನ ಕೆಲಸವನ್ನು ದೆಹಲಿಯ ಅಪ್ಪಣೆಗೆ ಕಾಯದೆ ಮಾಡಬಹುದು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮೊದಲಾದ ಪ್ರತಿ ತಾಲ್ಲೂಕು ಕಚೇರಿಯಲ್ಲಿಯೂ ಸೈನಿಕರ ಕಮಾಂಡಿಂಗ್ ಅಧಿಕಾರಿಗಳಿಂದ ಬಂದ ಪತ್ರಗಳಿಗೆ ಬೇರೆಯೇ ಒಂದು ವಹಿಯನ್ನು ಇಟ್ಟು, ಪತ್ರ ಬಂದ ತಾರೀಖು, ಸ್ಥಳ ಪರಿಶೀಲನೆಯ ತಾರೀಖು, ಉತ್ತರ ಹೋದ ತಾರೀಖು ಎಂಬ ಮೂರು ಕಲಮುಗಳನ್ನು ಗೆರೆಯೆಳೆದು, ತಿಂಗಳಿಗೊಮ್ಮೆ ತಹಸೀಲ್ದಾರರು ಅದಕ್ಕೆ ಸಹಿ ಹಾಕುವಂತೆ ಜಿಲ್ಲಾಧಿಕಾರಿಗಳು ಒಂದು ಆದೇಶ ಹೊರಡಿಸಿದರೆ ಸಾಕು.