ಟಿಎಂಪಿ ಫೈಲು ಗುಡಿಸುವ ಮುನ್ನ

ಶಿವಾಜಿನಗರದ ಹಳೆ ಅಂಗಡಿಗಳಲ್ಲಿ ಫಾಕ್ಸ್‌ಪ್ರೊ ಎಂಬ ಡೇಟಾಬೇಸ್ ತಂತ್ರಾಂಶ ಇನ್ನೂ ಉಸಿರಾಡುತ್ತಿದೆ. ವಿಷುಯಲ್ ಫಾಕ್ಸ್‌ಪ್ರೊಗೆ ಮುಂದಿನ ಆವೃತ್ತಿಯಿಲ್ಲ ಎಂದು ಮೈಕ್ರೋಸಾಫ್ಟ್ 2007ರಲ್ಲೇ ಹೇಳಿತು. 2015ರ ಜನವರಿಯಲ್ಲಿ ಬೆಂಬಲವೂ ನಿಂತಿತು. ನಾನು ರಿಪೇರಿ ಮಾಡುವ ಡಾಸ್ ಫಾಕ್ಸ್‌ಪ್ರೊ ಅದಕ್ಕಿಂತ ಹಿರಿಯ. 64 ಬಿಟ್ ವಿಂಡೋಸಿನಲ್ಲಿ ಅದು ನೇರವಾಗಿ ಓಡುವುದಿಲ್ಲ. ಆದರೂ ಬಿಡಿಭಾಗದವರ ಸ್ಟಾಕು, ಬಟ್ಟೆ ಅಂಗಡಿಯವರ ಉದ್ರಿ ಲೆಕ್ಕ ಡಾಸ್‌ಬಾಕ್ಸ್ ಎಂಬ ಎಮ್ಯುಲೇಟರ್ ಒಳಗೆ ಹೇಗೋ ನಡೆಯುತ್ತಿದೆ.

ಎಲ್ಲರದೂ ಒಂದೇ ದೂರು: ಫೋಲ್ಡರ್ ತುಂಬ ಟಿಎಂಪಿ ಫೈಲು. ಅವು ಹುಟ್ಟುವುದರಲ್ಲಿ ಸೋಜಿಗವೇನಿಲ್ಲ. ವಿಂಗಡಣೆಗೆ, ಹುಡುಕಾಟಕ್ಕೆ ಫಾಕ್ಸ್‌ಪ್ರೊ ತಾತ್ಕಾಲಿಕ ಫೈಲು ಮಾಡಿಕೊಳ್ಳುತ್ತದೆ, ಕ್ವಿಟ್ ಕೊಟ್ಟರೆ ತಾನೇ ಅಳಿಸುತ್ತದೆ. ಕರೆಂಟ್ ಹೋದರೆ, ಅಥವಾ ಷಟರ್ ಎಳೆಯುವ ಅವಸರದಲ್ಲಿ ಹುಡುಗ ಮೂಲೆಯ ಎಕ್ಸ್ ಒತ್ತಿದರೆ, ಅಳಿಸುವವರು ಯಾರು?

‘ಒಂದು ಬ್ಯಾಚ್ ಫೈಲ್ ಹಾಕ್ಬಿಡಿ ಸಾರ್, ದಿನಾ ಬೆಳಿಗ್ಗೆ ಎಲ್ಲಾ ಡಿಲೀಟ್ ಆಗ್ಲಿ’ ಅನ್ನುತ್ತಾರೆ. ಹಾಕುವ ಹುಡುಗರೂ ಸಿಗುತ್ತಾರೆ. ನಾನು ಮಾತ್ರ ಹಾಕುವುದಿಲ್ಲ.

ಕಾರಣ, ಪ್ಯಾಕ್ ಎಂಬ ಕಮಾಂಡು. ಡಿಲೀಟ್ ಕೊಟ್ಟಾಗ ಫಾಕ್ಸ್‌ಪ್ರೊ ದಾಖಲೆಗೆ ಗುರುತು ಹಾಕುತ್ತದಷ್ಟೆ. ಪ್ಯಾಕ್ ಕೊಟ್ಟಾಗ ಗುರುತಿಲ್ಲದ ದಾಖಲೆಗಳನ್ನೆಲ್ಲ ತಾತ್ಕಾಲಿಕ ಫೈಲಿಗೆ ನಕಲು ಮಾಡಿ, ಮೂಲ ಫೈಲನ್ನು ಅಳಿಸಿ, ನಕಲಿಗೆ ಹಳೆ ಹೆಸರಿಡುತ್ತದೆ. ಸಾಮಾನೆಲ್ಲ ಹೊಸ ಮನೆಗೆ ಸಾಗಿಸಿ, ಹಳೆ ಮನೆ ಕೆಡವಿ, ಆಮೇಲೆ ಬಾಗಿಲಿಗೆ ಹೆಸರಿನ ಹಲಗೆ ಹೊಡೆದ ಹಾಗೆ. ಹಲಗೆ ಹೊಡೆಯುವ ಮುಂಚೆ ಕರೆಂಟ್ ಹೋಯಿತೋ, ಇಡೀ ಖಾತೆ ಉಳಿದಿರುವುದು ನೀವು ಕಸ ಅನ್ನುವ ಆ ಟಿಎಂಪಿಯಲ್ಲೇ. ಬೆಳಿಗ್ಗೆ ಬ್ಯಾಚ್ ಫೈಲು ಅದನ್ನೂ ಗುಡಿಸುತ್ತದೆ. ಜಿಎಸ್‌ಟಿ ಕಾಯ್ದೆ, ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪುಸ್ತಕ ಇಟ್ಟುಕೊಳ್ಳಿ ಎನ್ನುತ್ತದೆ. ‘ಗುಡಿಸಿಬಿಟ್ಟೆವು’ ಎಂದರೆ ಅಧಿಕಾರಿ ಕೇಳಿಯಾನೆ?

ಹಾಗಾಗಿ ಮೊದಲು ಎಲ್ಲ ಟರ್ಮಿನಲ್‌ನಿಂದ ಕ್ವಿಟ್ ಕೊಟ್ಟು ಹೊರಬನ್ನಿ, ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿ. ಆಮೇಲೆ ದೊಡ್ಡ ಟಿಎಂಪಿಗಳನ್ನು ಹೆಕ್ಸ್ ವ್ಯೂವರ್‌ನಲ್ಲಿ ತೆರೆಯಿರಿ. ಮೊದಲ ಬೈಟು 03 ಅಥವಾ ಎಫ್5 ಇದ್ದು, ಹಿಂದೆಯೇ ನಿಮ್ಮ ಕಾಲಂ ಹೆಸರುಗಳು ಕಂಡರೆ ಅದು ಟೇಬಲ್ಲು. ನಕಲಿನ ಹೆಸರಿನ ಕೊನೆಗೆ ಟಿಎಂಪಿ ಬದಲು ಡಿಬಿಎಫ್ ಎಂದಿಟ್ಟು ತೆರೆದು ನೋಡಿ. ಸೊನ್ನೆ ಬೈಟಿನವನ್ನು ಧಾರಾಳವಾಗಿ ಎಸೆಯಿರಿ. ಇನ್ನು ಮುಂದಿನ ವಿಂಗಡಣೆಯ ಕಸಕ್ಕೆ ಕಾನ್ಫಿಗ್ ಫೈಲಿನಲ್ಲಿ ಟಿಎಂಪಿಫೈಲ್ಸ್ ಸಾಲು ಬರೆದು ಬೇರೆ ಜಾಗ ತೋರಿಸಿ.

ಯುಪಿಎಸ್ ಬ್ಯಾಟರಿ ಬದಲಿಸಲು ಜಿಪುಣತನ ಮಾಡುವವರಿಗೆ ನನ್ನ ಬಳಿ ಮದ್ದಿಲ್ಲ. ಉಳಿದವರು ವರ್ಷಕ್ಕೊಮ್ಮೆಯಾದರೂ ಡಿಬಿಎಫ್‌ಗಳನ್ನು ಲಿಬ್ರೆಆಫೀಸಿನಲ್ಲಿ ತೆರೆದು, ಸಾದಾ ಪಟ್ಟಿಯಾಗಿ ಉಳಿಸಿಕೊಳ್ಳಲಿ. ಅದಕ್ಕೆ ದುಡ್ಡೂ ಬೇಡ, ನಾನೂ ಬೇಡ.